ಸೊಪ್ಪು ಬಿಡಿಸುವವರು ಯಾರು?

ಮೂರು ತಿಂಗಳ ಹಿಂದೆ ಒಂದೇ ವಾರದಲ್ಲಿ ಎರಡು ಕಾಗದ ನನ್ನ ಕೈಗೆ ಬಂದವು. ಒಂದು ರಕ್ತಪರೀಕ್ಷೆಯ ವರದಿ. ಸಕ್ಕರೆ ಗಡಿ ದಾಟಿರಲಿಲ್ಲ, ಗಡಿಕಲ್ಲಿನ ಮೇಲೆ ಕೂತಿತ್ತು. ಇನ್ನೊಂದು ದಿನಸಿ ಅಂಗಡಿಯ ಚೀಟಿ. ಅದು ಗಡಿ ದಾಟಿ ಬಹಳ ದಿನವಾಗಿತ್ತು. ಅನ್ನ ಕಮ್ಮಿ ಮಾಡಿ, ಕಾಳು ಸೊಪ್ಪು ಜಾಸ್ತಿ ಮಾಡಿ ಎಂದು ಡಾಕ್ಟರು ಎರಡೇ ಮಾತಿನಲ್ಲಿ ಮುಗಿಸಿದ್ದರು. ಖರ್ಚು ಕಮ್ಮಿ ಮಾಡಿ ಎಂದು ಚೀಟಿ ಹೇಳುತ್ತಿತ್ತು. ಎರಡನ್ನೂ ಒಟ್ಟಿಗೆ ಪಾಲಿಸಲು ಆಗುತ್ತದೆಯೇ ನೋಡೋಣವೆಂದು ಒಂದು ಭಾನುವಾರ ಮಧ್ಯಾಹ್ನ ಇನ್ನೂರು ಪುಟದ ನೋಟ್‌ಬುಕ್ ತೆರೆದು ಕೂತೆ. ಮನೆಯಲ್ಲಿ ನಾವು ನಾಲ್ಕು ಜನ: ನಾನು, ಹೆಂಡತಿ, ಕಾಲೇಜಿಗೆ ಹೋಗುವ ಮಗಳು, ಎಪ್ಪತ್ತು ದಾಟಿದ ಅಮ್ಮ.

ಲೆಕ್ಕಕ್ಕೆ ಆಧಾರವಾಗಿ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯನ್ನು ಇಟ್ಟುಕೊಂಡೆ. ದಿನಕ್ಕೆ 2000 ಕ್ಯಾಲೊರಿ ಬೇಕಾದ ಒಬ್ಬರ ತಟ್ಟೆಯಲ್ಲಿ ಏನೇನಿರಬೇಕೆಂದು ಅದು ಗ್ರಾಂ ಲೆಕ್ಕದಲ್ಲಿ ಹೇಳುತ್ತದೆ. ಧಾನ್ಯ 250 ಗ್ರಾಂ, ಬೇಳೆಕಾಳು 85 ಗ್ರಾಂ, ಸೊಪ್ಪು ತರಕಾರಿ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಹಾಲು ಅಥವಾ ಮೊಸರು 300 ಮಿಲಿಲೀಟರ್, ಶೇಂಗಾ ಎಳ್ಳಿನಂಥ ಬೀಜಗಳು 35 ಗ್ರಾಂ, ಎಣ್ಣೆ 27 ಗ್ರಾಂ. ಮಾಂಸ ಮೊಟ್ಟೆ ತಿನ್ನುವವರು ಬೇಳೆಯ ಪಾಲಿನಲ್ಲಿ ಒಂದಿಷ್ಟನ್ನು ಅದಕ್ಕೆ ಬದಲಿಸಿಕೊಳ್ಳಬಹುದು. ಧಾನ್ಯದಿಂದ ಬರುವ ಶಕ್ತಿ ಒಟ್ಟು ಶಕ್ತಿಯ ಶೇ. 45ನ್ನು ಮೀರದಿರಲಿ ಎನ್ನುವುದು ಇದರ ತಿರುಳು. ನಮ್ಮಲ್ಲಿ ಬಹುಪಾಲು ಮನೆಗಳಲ್ಲಿ ಅದು ಅರ್ಧಕ್ಕಿಂತ ಮೇಲೆಯೇ ಇರುತ್ತದೆ. ಅನ್ನದ ಗುಡ್ಡ, ಅದರ ಬುಡದಲ್ಲಿ ಸಾರಿನ ಹಳ್ಳ, ಅಂಚಿನಲ್ಲಿ ಪಲ್ಯದ ಚುಕ್ಕೆ. ನಮ್ಮ ಮನೆಯ ತಟ್ಟೆಯ ಭೂಪಟವೂ ಹಾಗೇ ಇತ್ತು.

ನಮ್ಮ ಬೀದಿಯ ಅಂಗಡಿ ಮತ್ತು ತಳ್ಳುಗಾಡಿಯ ದರ ಹಾಕಿ ಕೂಡಿಸಿದೆ. ರಾಗಿ ಅಕ್ಕಿ ಸೇರಿ ಹನ್ನೆರಡೂವರೆ ರೂಪಾಯಿ. ಬೇಳೆಕಾಳು ಹತ್ತು. ಸೊಪ್ಪು ತರಕಾರಿ ಹತ್ತೊಂಬತ್ತು. ಬಾಳೆಹಣ್ಣು ಆರು. ಹಾಲು ಹದಿನಾಲ್ಕೂವರೆ. ಶೇಂಗಾ ಐದು, ಎಣ್ಣೆ ನಾಲ್ಕೂವರೆ. ಉಪ್ಪು, ಹುಣಸೆ, ಮೆಣಸಿನಕಾಯಿ, ಕಾಯಿ, ಗ್ಯಾಸು ಎಂದು ಇನ್ನೊಂದು ಎಂಟೊಂಬತ್ತು ಸೇರಿಸಿದರೆ ಒಬ್ಬರಿಗೆ ದಿನಕ್ಕೆ 80 ರೂಪಾಯಿ, ನಾಲ್ವರಿಗೆ ತಿಂಗಳಿಗೆ 9,600. ನಾವು ಆಗ ಮಾಡುತ್ತಿದ್ದ ಖರ್ಚಿಗಿಂತ ಅದು ಎರಡು ಸಾವಿರ ಕಡಿಮೆ! ಪುಸ್ತಕವನ್ನು ಅಡುಗೆಮನೆಗೆ ಒಯ್ದು ಗೆದ್ದವನ ಹಾಗೆ ಹೆಂಡತಿಯ ಮುಂದೆ ಹಿಡಿದೆ. ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿಯುವುದನ್ನೇ ಕಾಯುತ್ತ ಅವಳು ಎರಡು ಪುಟವನ್ನೂ ಓದಿದಳು. ಆಮೇಲೆ ಕೇಳಿದ್ದು ಇಷ್ಟು: “ಎಲ್ಲಾ ಸರಿ ರೀ, ದಿನಾ ಅರ್ಧ ಕಿಲೋ ಸೊಪ್ಪು ಬಿಡಿಸೋರು ಯಾರು? ಅದರ ಲೆಕ್ಕ ಎಲ್ಲಿ ಬರ್ದಿದೀರಿ?”

ಎಲ್ಲಿಯೂ ಬರೆದಿರಲಿಲ್ಲ. ಮಿತವ್ಯಯದ ಊಟದ ಬಗ್ಗೆ ಬರುವ ಲೇಖನ, ವಿಡಿಯೊ, ಭಾಷಣ ಯಾವುದರಲ್ಲೂ ಆ ಲೆಕ್ಕ ಇರುವುದಿಲ್ಲ ಎಂಬುದು ಆಮೇಲೆ ಹೊಳೆಯಿತು. ಈ ಲೇಖನ ಆ ಪ್ರಶ್ನೆಗೆ ಕೊಡಬೇಕಾಗಿದ್ದ ಉತ್ತರ. ಅಂದು ಅಡುಗೆಮನೆಯಲ್ಲಿ ನನಗೆ ಉತ್ತರ ಸಿಕ್ಕಿರಲಿಲ್ಲ.

ಮೊದಲು ದುಡ್ಡಿನ ಮಾತನ್ನೇ ಮುಗಿಸಿಬಿಡೋಣ. 80 ರೂಪಾಯಿ ನನಗೆ ಉಳಿತಾಯವಾಗಿ ಕಂಡಿತು. ದೇಶಕ್ಕೆ ಹಾಗೆ ಕಾಣುವುದಿಲ್ಲ. ಕೇಂದ್ರ ಸರ್ಕಾರದ 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಹಳ್ಳಿಯಲ್ಲಿ ಒಬ್ಬರ ತಿಂಗಳ ಸರಾಸರಿ ಖರ್ಚು 4,122 ರೂಪಾಯಿ, ಪೇಟೆಯಲ್ಲಿ 6,996. ಅದರಲ್ಲಿ ಊಟತಿಂಡಿಯ ಪಾಲು ಹಳ್ಳಿಯಲ್ಲಿ ಶೇ. 47, ಪೇಟೆಯಲ್ಲಿ ಹೆಚ್ಚುಕಡಿಮೆ ಶೇ. 40. ದಿನಕ್ಕೆ ಭಾಗಿಸಿದರೆ ಹಳ್ಳಿಯವರಿಗೆ ಸುಮಾರು 65 ರೂಪಾಯಿ, ಪೇಟೆಯವರಿಗೆ 92. ನನ್ನ ಆದರ್ಶದ ತಟ್ಟೆ ಹಳ್ಳಿಯ ಸರಾಸರಿ ಮನುಷ್ಯನಿಗೆ ಎಟಕುವುದಿಲ್ಲ. ಸರಾಸರಿಯಲ್ಲಿ ಎರಡು ಕಾರು ಇಟ್ಟುಕೊಂಡವರೂ ಸೇರಿರುತ್ತಾರೆ. ಅವರನ್ನು ಬಿಟ್ಟು ಕೂಲಿಯವರನ್ನಷ್ಟೇ ನೋಡಿದರೆ ಕಂದರ ಇನ್ನೂ ಆಳ. ಆದ್ದರಿಂದ “ಬಡವರು ಒಳ್ಳೆಯದನ್ನು ತಿನ್ನುವುದಿಲ್ಲ, ಅವರಿಗೆ ತಿಳಿವಳಿಕೆ ಇಲ್ಲ” ಎಂಬ ಮಾತನ್ನು ಯಾರಾದರೂ ಆಡಿದರೆ ಮೊದಲು ಈ ಭಾಗಾಕಾರ ಮಾಡಿಸಬೇಕು.

ಅದೇ ಸಮೀಕ್ಷೆಯ ಇನ್ನೊಂದು ಸಾಲು ನನ್ನನ್ನು ಹೆಚ್ಚು ಕಾಡಿತು. ಪಾನೀಯ, ಕುರುಕಲು, ಸಂಸ್ಕರಿಸಿದ ಆಹಾರ ಎಂಬ ಬಾಬ್ತಿಗೆ ಹಳ್ಳಿಯವರು ಒಟ್ಟು ಖರ್ಚಿನ ಶೇ. 9.84, ಪೇಟೆಯವರು ಶೇ. 11.09 ಸುರಿಯುತ್ತಾರೆ. ಧಾನ್ಯಕ್ಕೆ ಹಳ್ಳಿಯಲ್ಲಿ ಶೇ. 5ರ ಆಸುಪಾಸು, ಪೇಟೆಯಲ್ಲಿ ಶೇ. 4ಕ್ಕೂ ಕಡಿಮೆ. ಈ ಅಂಕಿಯನ್ನು ಹಿಡಿದು ಚಿಪ್ಸು ಕೋಲಾಗಳ ಮೇಲೆ ಹರಿಹಾಯುವುದು ಸುಲಭ. ಆದರೆ ಬಾಬ್ತನ್ನು ಬಿಚ್ಚಿ ನೋಡಬೇಕು. ಅದರಲ್ಲಿ ಬೆಳಗಿನ ಟೀ ಕಾಫಿ ಇದೆ, ಹೋಟೆಲಿನ ರೈಸ್‌ಬಾತ್ ಇದೆ, ಕೆಲಸದ ಜಾಗದಲ್ಲಿ ಕೊಂಡು ತಿಂದ ಎರಡು ಇಡ್ಲಿಯೂ ಇದೆ. ಜೊತೆಗೆ ಪಡಿತರದ ಧಾನ್ಯ ಪುಕ್ಕಟೆ ಸಿಗುವುದರಿಂದ ಧಾನ್ಯದ ಪಾಲು ತಾನಾಗಿ ಕುಗ್ಗಿದೆ. ಇಷ್ಟೆಲ್ಲ ಕಳೆದರೂ ಒಂದು ಸಂಗತಿ ಉಳಿಯುತ್ತದೆ. ಜನ ಕಾಸು ಕೊಟ್ಟು ಕೊಳ್ಳುತ್ತಿರುವುದರಲ್ಲಿ ದೊಡ್ಡ ಪಾಲು ಬೇರೆಯವರು ಬೇಯಿಸಿದ್ದು, ಕರಿದದ್ದು, ಹುರಿದದ್ದು, ಬೆರೆಸಿದ್ದು. ಪೊಟ್ಟಣದ ಒಳಗಿನ ಹಿಟ್ಟು ಎಣ್ಣೆಗಿಂತ ಹೆಚ್ಚಾಗಿ ಅವರು ಬಿಡುವನ್ನು ಕೊಳ್ಳುತ್ತಿದ್ದಾರೆ.

ಅಗ್ಗದಲ್ಲಿ ಒಳ್ಳೆಯದು ಯಾವುದು ಎಂಬ ಪ್ರಶ್ನೆಗೆ ಉತ್ತರ ಹುಡುಕಲು ನನಗೆ ಅರ್ಧ ಗಂಟೆ ಸಾಕಾಯಿತು. ಹತ್ತು ಗ್ರಾಂ ಪ್ರೋಟೀನಿಗೆ ಎಷ್ಟು ಬೀಳುತ್ತದೆ ಎಂದು ಒಂದು ಪಟ್ಟಿ ಮಾಡಿದೆ. ಹುರುಳಿಯಲ್ಲಿ ನಾಲ್ಕು ರೂಪಾಯಿ. ಶೇಂಗಾದಲ್ಲಿ ಆರು. ತೊಗರಿಬೇಳೆಯಲ್ಲಿ ಆರೂವರೆ ಏಳು. ಮೊಟ್ಟೆಯಲ್ಲಿ ಹತ್ತರಿಂದ ಹನ್ನೊಂದು. ಹಾಲಿನಲ್ಲಿ ಹದಿನೈದು, ಮೂಳೆ ಸಮೇತದ ಕೋಳಿಯಲ್ಲಿ ಹತ್ತೊಂಬತ್ತು, ಪನೀರಿನಲ್ಲಿ ಇಪ್ಪತ್ತರ ಮೇಲೆ. ಕಾಳಿನ ಪ್ರೋಟೀನು ಮೊಟ್ಟೆಯದರಷ್ಟು ಸಲೀಸಾಗಿ ಮೈಗೆ ಹತ್ತುವುದಿಲ್ಲ, ನಿಜ. ಆದರೆ ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಕಾಳು ಸೇರಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬಿಕೊಡುತ್ತದೆ. ರಾಗಿಮುದ್ದೆಗೆ ಹುರುಳಿ ಸಾರು ಕಲಸಿದವರಿಗೂ, ಜೋಳದ ರೊಟ್ಟಿಗೆ ಹೆಸರುಕಾಳಿನ ಪಲ್ಯ ಇಟ್ಟವರಿಗೂ, ಅಕ್ಕಿಗೆ ಉದ್ದು ಬೆರೆಸಿ ರುಬ್ಬಿದವರಿಗೂ ಇದು ಯಾವ ಕೋಷ್ಟಕವೂ ಇಲ್ಲದೆ ಕೈಗೆ ಬಂದಿತ್ತು.

ಪಟ್ಟಿಯ ಕೊನೆಯಲ್ಲಿ ಮಗಳಿಗೆ ಚಿಕ್ಕಂದಿನಿಂದ ಹಾಲಿಗೆ ಬೆರೆಸಿಕೊಡುತ್ತಿದ್ದ ಪುಡಿ ಡಬ್ಬಿಯೂ ಇತ್ತು. ಹಿಂಬದಿಯ ಸಣ್ಣಕ್ಷರವನ್ನು ಕನ್ನಡಕ ಹಾಕಿಕೊಂಡು ಓದಿದೆ. ನೂರು ಗ್ರಾಂಗೆ ಪ್ರೋಟೀನು ಹತ್ತು ಗ್ರಾಂ ಕೂಡ ಇಲ್ಲ, ಸಕ್ಕರೆ ಮೂವತ್ತರ ಮೇಲೆ. ಬೆಲೆಗೆ ಭಾಗಿಸಿದರೆ ಹತ್ತು ಗ್ರಾಂ ಪ್ರೋಟೀನಿಗೆ ಐವತ್ತು ರೂಪಾಯಿಯ ಹತ್ತಿರ. ಹುರುಳಿಯ ಹನ್ನೆರಡರಷ್ಟು! ಇಂಥ ಪುಡಿಗಳನ್ನು ಆನ್‌ಲೈನ್ ಅಂಗಡಿಗಳು ‘ಹೆಲ್ತ್ ಡ್ರಿಂಕ್’ ಎಂಬ ತಲೆಬರಹದ ಕೆಳಗೆ ಮಾರಬಾರದು ಎಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲಿನಲ್ಲಿ ಸೂಚಿಸಿತು. 2006ರ ಆಹಾರ ಸುರಕ್ಷತೆ ಕಾಯ್ದೆಯಲ್ಲಿ ಅಂಥದೊಂದು ವರ್ಗವೇ ಇಲ್ಲ ಎಂಬುದು ಅದರ ಕಾರಣ. ಇಲ್ಲದ ವರ್ಗಕ್ಕೆ ನಾವು ಹದಿನೈದು ವರ್ಷ ಪ್ರತಿ ತಿಂಗಳೂ ಕಪ್ಪ ಕೊಟ್ಟಿದ್ದೆವು.

ಆರೋಗ್ಯದ ಹೆಸರಿನಲ್ಲಿ ದುಬಾರಿಯಾಗುವ ಇನ್ನೊಂದು ದಾರಿಯಿದೆ. ಮೈಸೂರು ಸೀಮೆಯಲ್ಲಿ ಈಗ ಚಿಯಾ ಬೆಳೆಯುತ್ತಾರೆ. ಅದನ್ನು ಇಲ್ಲಿನ ರೈತರಿಗೆ ಪರಿಚಯಿಸಿದ್ದು ಮೈಸೂರಿನ ಆಹಾರ ತಂತ್ರಜ್ಞಾನ ಸಂಶೋಧನಾಲಯವಾದ ಸಿಎಫ್‌ಟಿಆರ್‌ಐ. ಒಳ್ಳೆಯ ಬೀಜವೇ, ತಕರಾರಿಲ್ಲ. ಆದರೆ ಅದರಲ್ಲಿದೆಯೆಂದು ಹೊಗಳುವ ಒಮೆಗಾ-3 ಕೊಬ್ಬು ನಮ್ಮ ಅಗಸೆಯಲ್ಲಿ ಅದಕ್ಕಿಂತ ಕಡಿಮೆಯೇನಿಲ್ಲ. ನಮ್ಮ ಅಂಗಡಿಯಲ್ಲಿ ಅಗಸೆಗೆ ಅದರ ಅರ್ಧ ಬೆಲೆಯೂ ಇಲ್ಲ. ಧಾರವಾಡ, ಬಾಗಲಕೋಟೆಯ ಮನೆಗಳಲ್ಲಿ ಅಗಸಿ ಹಿಂಡಿ, ಗುರೆಳ್ಳು ಹಿಂಡಿ, ಶೇಂಗಾ ಹಿಂಡಿ ರೊಟ್ಟಿಯ ಪಕ್ಕದಲ್ಲಿ ದಿನವೂ ಇರುತ್ತವೆ. ಅವುಗಳನ್ನು ಯಾರೂ ಸೂಪರ್ ಫುಡ್ ಎಂದು ಕರೆದಿಲ್ಲ, ಅದಕ್ಕೇ ಇನ್ನೂ ಕೈಗೆಟಕುತ್ತಿವೆ. ಇದೇ ಸಿಎಫ್‌ಟಿಆರ್‌ಐ ಆರಂಭದ ದಶಕದಲ್ಲಿ ಶೇಂಗಾ ಹಿಟ್ಟು ಮುಕ್ಕಾಲು, ಕಡಲೆ ಹಿಟ್ಟು ಕಾಲು ಪಾಲು ಬೆರೆಸಿ ಬಡವರ ಪ್ರೋಟೀನ್ ಕೊರತೆಗೆಂದು ಬಹೂಪಯೋಗಿ ಆಹಾರವೊಂದನ್ನು ತಯಾರಿಸಿತ್ತು. ವಿಜ್ಞಾನ ಗಟ್ಟಿಯಾಗಿತ್ತು. ಆದರೂ ಇಂದು ಜನರ ತಟ್ಟೆಯಲ್ಲಿ ಉಳಿದಿರುವುದು ಬೆಳ್ಳುಳ್ಳಿ ಖಾರ ಹಾಕಿ ಕುಟ್ಟಿದ ಹಿಂಡಿ. ರುಚಿಯನ್ನು ಬಿಟ್ಟು ಪೋಷಣೆ ಒಬ್ಬಂಟಿಯಾಗಿ ಬಹಳ ದೂರ ನಡೆಯಲಾರದು.

ರಾಗಿಯ ಬಗ್ಗೆಯೂ ಎರಡು ಮಾತು ಹೇಳಬೇಕು. ಅದನ್ನು ದೇವರ ಪ್ರಸಾದ ಮಾಡಿಬಿಟ್ಟಿದ್ದೇವೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದು ನಿಜ, ಅಷ್ಟೇ ತೂಕದ ಹಾಲಿನ ಸುಮಾರು ಮೂರರಷ್ಟು. ಆದರೆ ಅದರಲ್ಲಿರುವ ಕೆಲವು ಅಂಶಗಳು ಕ್ಯಾಲ್ಸಿಯಂ, ಕಬ್ಬಿಣಗಳನ್ನು ಹಿಡಿದಿಟ್ಟುಕೊಂಡು ಮೈಗೆ ಪೂರ್ತಿ ಬಿಟ್ಟುಕೊಡುವುದಿಲ್ಲ. ಮೊಳಕೆ ಬರಿಸಿದರೆ ಆ ಹಿಡಿತ ಸಡಿಲವಾಗುತ್ತದೆ. ಮೂರು ಹೊತ್ತು ಬರೀ ಮುದ್ದೆ ಉಂಡರೆ ಬರೀ ಅನ್ನ ಉಂಡವರಿಗೆ ಬರುವ ಕೆಲವು ಕೊರತೆ ಇವರಿಗೂ ಬರುತ್ತದೆ. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ತಳಿವಿಜ್ಞಾನಿ ‘ರಾಗಿ’ ಲಕ್ಷ್ಮಣಯ್ಯನವರು ನಮ್ಮ ರಾಗಿಯನ್ನು ಆಫ್ರಿಕಾದ ರಾಗಿಯ ಜೊತೆ ಕೂಡಿಸಿ ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ಇಳುವರಿ ಏರಿ ಹಿಟ್ಟು ಮನೆ ತುಂಬಿತು. ಹಿಟ್ಟಿಗೆ ಕೂಡಿಸಿಕೊಳ್ಳುವ ಕಾಳು ಸೊಪ್ಪಿನ ಕಡೆಗೆ ಅಂಥದೊಂದು ಶ್ರದ್ಧೆ ಹರಿಯಲಿಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತಲ್ಲ, ಆಗ ನವಣೆ, ಸಾಮೆ, ಹಾರಕಗಳು ಪೇಟೆಯ ಅಂಗಡಿಗಳಲ್ಲಿ ಬಣ್ಣದ ಪೊಟ್ಟಣ ಹೊಕ್ಕು ಅಕ್ಕಿಯ ಎರಡರಷ್ಟು ಬೆಲೆಗೆ ಮಾರಾಟವಾದವು. ಒಂದು ಕಾಲಕ್ಕೆ ಅಕ್ಕಿ ಕೊಳ್ಳಲಾಗದವರ ಊಟ ಈಗ ಅಕ್ಕಿ ಬಿಡಬೇಕಾದವರ ಊಟ. ಮೊದಲು ಉಣ್ಣುತ್ತಿದ್ದವರಿಗೆ ಅದನ್ನು ಕೊಳ್ಳುವ ಶಕ್ತಿ ಇಲ್ಲ.

ಹೀಗೆ ಹೇಳಿದಾಗಲೆಲ್ಲ ಯಾರಾದರೂ ಎದ್ದು “ನಮ್ಮ ಹಿರಿಯರ ಊಟಕ್ಕೆ ಹಿಂತಿರುಗಿದರೆ ಸಾಕು” ಎನ್ನುತ್ತಾರೆ. ನಮ್ಮಮ್ಮನನ್ನು ಕೇಳಿದೆ. ಅವರದು ತುಮಕೂರು ಕಡೆಯ ಮಳೆ ನಂಬಿದ ಊರು. ಬಸ್ಸಾರು, ಮಸ್ಸೊಪ್ಪು, ಅವರೆಕಾಳು ಹುಳಿ ಎಂದು ನಾನು ಹೇಳುತ್ತ ಹೋದಂತೆ ಅವರು ತಲೆಯಾಡಿಸಿದರು. “ಅದೆಲ್ಲ ಕಾಳು ಇದ್ದಾಗ ಕಣಪ್ಪ. ಇಲ್ಲದಾಗ ಮುದ್ದೆ, ಉಪ್ಪು ಮೆಣಸಿನಕಾಯಿ ಖಾರ.” ಹೊಲದ ಬದುವಿನ ಅಣ್ಣೆ, ಗೋಣಿ, ಕನ್ನೆ, ಹೊನಗೊನೆ ಸೊಪ್ಪುಗಳು ಮಳೆಗಾಲ ಕೊಟ್ಟ ಪುಕ್ಕಟೆ ಸಂಪತ್ತು, ನಿಜ. ಅವನ್ನು ಮಡಿಲು ತುಂಬ ಕಿತ್ತು ತರುತ್ತಿದ್ದವರು ಹೆಂಗಸರು, ಬಿಡಿಸುತ್ತಿದ್ದವರು ಹೆಂಗಸರು, ಬಸಿದು ರುಬ್ಬುತ್ತಿದ್ದವರು ಹೆಂಗಸರು. ಕೊನೆಗೆ ಉಣ್ಣಲು ಕೂರುತ್ತಿದ್ದವರೂ ಅವರೇ, ಪಾತ್ರೆಯ ತಳದಲ್ಲಿ ಉಳಿದದ್ದನ್ನು. ಗಂಡಸರ ತಟ್ಟೆಗೆ ಹೋದ ಕಾಳು ಅವರ ತಟ್ಟೆಗೆ ಬರುವ ಹೊತ್ತಿಗೆ ತಿಳಿ ಕಟ್ಟಾಗಿರುತ್ತಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ರಕ್ತಹೀನತೆಯವರು. ಅದೇ ಸಮೀಕ್ಷೆಯಲ್ಲಿ ಹತ್ತರಲ್ಲಿ ಮೂವರು ಹೆಂಗಸರ ತೂಕ ಅಳತೆ ಮೀರಿದ್ದು. ಹಳೆಯ ಕೊರತೆ ಹೋಗಲಿಲ್ಲ, ಹೊಸ ರೋಗ ಬಂದು ಪಕ್ಕದಲ್ಲಿ ಕೂತಿತು.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯಲ್ಲಿ ನನಗೀಗ ಒಂದು ಐಬು ಕಾಣುತ್ತಿದೆ. ಅದು ಉಣ್ಣುವವನ ಬಗ್ಗೆ ಮಾತ್ರ ಮಾತಾಡುತ್ತದೆ. ಬಲ್ಲವನು ಬಂದು ಕೂತಾಗ ಬಲ್ಲ ಊಟ ತಟ್ಟೆಯಲ್ಲಿ ಬಿದ್ದಿರಬೇಕು. ಯಾರು ಬಡಿಸಿದರು, ಅವರು ಎಷ್ಟು ಹೊತ್ತಿಗೆ ಎದ್ದರು ಎಂಬುದು ಗಾದೆಗೆ ಬೇಡ.

ಹುರುಳಿ ಅಗ್ಗ, ಏಕೆಂದರೆ ಅದರ ಬೆಲೆಯಲ್ಲಿ ಅರ್ಧವನ್ನು ಅಂಗಡಿಯಾತ ತೆಗೆದುಕೊಳ್ಳುವುದಿಲ್ಲ, ಮನೆಯವಳು ಕೊಡುತ್ತಾಳೆ. ಹಿಂದಿನ ರಾತ್ರಿ ನೆನಪಿಟ್ಟು ನೆನೆಹಾಕಬೇಕು. ಕಲ್ಲು ಆರಿಸಬೇಕು. ಮೊಳಕೆಗೆ ಬಟ್ಟೆಯಲ್ಲಿ ಕಟ್ಟಬೇಕು. ಕುಕ್ಕರಿನಲ್ಲಿ ಐದಾರು ಕೂಗು ಜಾಸ್ತಿ, ಅಷ್ಟು ಗ್ಯಾಸು ಜಾಸ್ತಿ. ಕಟ್ಟು ಬಸಿದು, ಕಾಳಿನಲ್ಲಿ ಒಂದು ಹಿಡಿ ಮಸಾಲೆಯ ಜೊತೆ ರುಬ್ಬಿ, ಉಳಿದದ್ದಕ್ಕೆ ಒಗ್ಗರಣೆ. ಒಂದು ಬಸ್ಸಾರಿಗೆ ಒಂದೂವರೆ ಗಂಟೆ. ಹತ್ತು ರೂಪಾಯಿಯ ನೂಡಲ್ಸ್ ಪೊಟ್ಟಣಕ್ಕೆ ಐದು ನಿಮಿಷ. ಇವೆರಡನ್ನು ಪಕ್ಕಪಕ್ಕ ಇಟ್ಟು ರೂಪಾಯಿಯಲ್ಲಿ ಮಾತ್ರ ತೂಗುವುದು ಒಂದು ತಟ್ಟೆಯ ಕೆಳಗೆ ಬೆರಳಿಟ್ಟು ತಕ್ಕಡಿ ಹಿಡಿದಂತೆ.

2024ರಲ್ಲಿ ಕೇಂದ್ರ ಸರ್ಕಾರ ನಡೆಸಿದ ಸಮಯ ಬಳಕೆ ಸಮೀಕ್ಷೆ ಆ ಬೆರಳಿನ ತೂಕ ಹೇಳುತ್ತದೆ. ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 289 ನಿಮಿಷ ಕೊಡುತ್ತಾರೆ, ಗಂಡಸರು 88. 2019ರ ಸಮೀಕ್ಷೆಯಲ್ಲಿ ಅದು 299 ಮತ್ತು 97 ಇತ್ತು. ಐದು ವರ್ಷದಲ್ಲಿ ಹೆಂಗಸರ ಹೊರೆ ಹತ್ತು ನಿಮಿಷ ಇಳಿದಿದೆ. ಆ ಹತ್ತು ನಿಮಿಷವನ್ನು ಗಂಡಸರು ಎತ್ತಿಕೊಂಡರೇನೋ ಎಂದು ನೋಡಿದರೆ, ಅವರೂ ಒಂಬತ್ತು ನಿಮಿಷ ಇಳಿಸಿಕೊಂಡಿದ್ದಾರೆ. ಆ ಹೊತ್ತನ್ನು ಮಿಕ್ಸಿಯೋ ಕುಕ್ಕರೋ ಪೊಟ್ಟಣವೋ ತುಂಬಿರಬೇಕು. ಇವೆಲ್ಲ ಬರೀ ಅಡುಗೆಯ ನಿಮಿಷಗಳಲ್ಲ, ಗುಡಿಸಿ ಒಗೆದು ತೊಳೆದದ್ದೂ ಸೇರಿದೆ. ಆದರೂ ಹಳೆಯ ಊಟಕ್ಕೆ ಹಿಂತಿರುಗೋಣ ಎನ್ನುವವರು ಯಾರ ನಿಮಿಷಗಳನ್ನು ಖರ್ಚು ಮಾಡಲು ಹೊರಟಿದ್ದಾರೆ ಎಂಬುದು ತಿಳಿದಿರಲಿ.

ಎಲ್ಲಕ್ಕಿಂತ ಕಷ್ಟದ ಗಂಟು ಇಲ್ಲಿದೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಹೆಂಗಸು ಇನ್ನೂ ನಾಲ್ಕು ಮನೆ ಮುಗಿಸಿ ತನ್ನ ಮನೆ ಸೇರುವಾಗ ರಾತ್ರಿ ಏಳೂವರೆ. ಅಗ್ಗದ ಪೌಷ್ಟಿಕ ಊಟ ಯಾರಿಗೆ ಎಲ್ಲರಿಗಿಂತ ಹೆಚ್ಚು ಬೇಕೋ ಅವರ ಕೈಯಲ್ಲಿ ಹೊತ್ತು ಎಲ್ಲರಿಗಿಂತ ಕಡಿಮೆ. ಅವಳೇ ಬಿಡಿಸಿಕೊಟ್ಟರೆ ಆ ಸೊಪ್ಪಿನಿಂದ ನನ್ನ ಸಕ್ಕರೆ ಇಳಿಯುತ್ತದೆ, ಅವಳ ಮಕ್ಕಳು ಬ್ರೆಡ್ಡು ಜಾಮು ತಿಂದು ಮಲಗುತ್ತಾರೆ. ಮಗುವಿನ ಕೈಗೆ ಹತ್ತು ರೂಪಾಯಿಯ ಪೊಟ್ಟಣ ಕೊಟ್ಟ ತಾಯಿಗೆ ಪೋಷಣೆಯ ಪಾಠ ಹೇಳುವ ಮುನ್ನ ಅವಳ ಸಂಜೆ ಹೇಗಿರುತ್ತದೆ ಎಂದು ಒಮ್ಮೆ ನೋಡಿಬರಬೇಕು. ದಿನವಿಡೀ ಬೇರೆಯವರ ಪಾತ್ರೆ ತಿಕ್ಕಿದವಳಿಗೆ ಆ ಹೊತ್ತಿನಲ್ಲಿ ಮಗುವನ್ನು ನಗಿಸಲು ಅದಕ್ಕಿಂತ ಕಡಿಮೆ ಖರ್ಚಿನ ದಾರಿ ಇಲ್ಲ.

ಹಾಗಾದರೆ ದಾರಿಯೇ ಇಲ್ಲವೇ? ಇದೆ, ಮತ್ತು ಅದನ್ನು ನಾವು ದಿನವೂ ನೋಡುತ್ತಿದ್ದೇವೆ. ಚಳಿಗಾಲದಲ್ಲಿ ಬೆಂಗಳೂರಿನ ಗಾಂಧಿಬಜಾರಿನ ಪಕ್ಕದ ಫುಟ್‌ಪಾತಿಗೆ ಹೋಗಿ. ಮಾಗಡಿ ಕಡೆಯ ಸೊಗಡಿನ ಅವರೆಕಾಯಿ ಒಂದು ರಾಶಿ, ಸುಲಿದ ಕಾಳು ಇನ್ನೊಂದು ರಾಶಿ, ಹಿತಕಿದ ಬೇಳೆ ಮತ್ತೊಂದು. ಕಾಯಿಗಿಂತ ಕಾಳಿಗೆ ಬೆಲೆ ಹೆಚ್ಚು, ಕಾಳಿಗಿಂತ ಬೇಳೆಗೆ ಇನ್ನೂ ಹೆಚ್ಚು. ಸಿಪ್ಪೆಯ ತೂಕ ಕಳೆದದ್ದು ಒಂದು ಕಾರಣ. ನೆನೆಸಿದ ಕಾಳನ್ನು ಒಂದೊಂದಾಗಿ ಎರಡು ಬೆರಳಿನ ನಡುವೆ ಒತ್ತಿದ ಹೆಂಗಸಿನ ಕೂಲಿ ಇನ್ನೊಂದು ಕಾರಣ. ನನಗೆ ಗೊತ್ತಿರುವಂತೆ ಅಡುಗೆಮನೆಯ ದುಡಿಮೆಗೆ ಇಷ್ಟು ಬಯಲಾಗಿ ಬೆಲೆ ಕಟ್ಟಿಟ್ಟ ಇನ್ನೊಂದು ಜಾಗವಿಲ್ಲ. ಅಲ್ಲಿ ಚೌಕಾಸಿ ಮಾಡುವವರನ್ನು ಕಂಡಾಗ ಒಂದು ಕಿಲೋ ಹಿತಕಿ ತೋರಿಸಿ ಎನ್ನಬೇಕೆನಿಸುತ್ತದೆ. ದೋಸೆಹಿಟ್ಟಿನ ವಿಷಯವೂ ಅಷ್ಟೇ. ಮೊದಮೊದಲು ಕೊಂಡ ಹಿಟ್ಟೆಂದರೆ ಸೋಮಾರಿತನ ಎಂದು ಮೂಗು ಮುರಿದವರೇ ಇಂದು ಬೀದಿಯ ಕೊನೆಯ ಅಂಗಡಿಯಿಂದ ಒಂದು ಲೀಟರು ತರುತ್ತಾರೆ. ಉದ್ದು ಅಕ್ಕಿ ಹುದುಗಿದ ಒಳ್ಳೆಯ ಊಟವೊಂದು ರುಬ್ಬುವ ಕಲ್ಲಿನಿಂದ ಬಿಡುಗಡೆಯಾಯಿತು, ಬೆಲೆಯೂ ಕೈಮೀರಲಿಲ್ಲ. ಕಲಬುರಗಿ, ಹುಬ್ಬಳ್ಳಿಗಳಲ್ಲಿ ಹೆಂಗಸರ ಗುಂಪುಗಳು ರೊಟ್ಟಿ ಬಡಿದು ಮಾರುತ್ತವೆ. ಕಟಕ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಡಿಯುವವರಿಗೆ ಕೂಲಿ, ಕೊಳ್ಳುವವರಿಗೆ ಜೋಳ. ಇದೇ ರೀತಿ ಮೊಳಕೆ ಕಾಳು, ಬಿಡಿಸಿ ತೊಳೆದ ಸೊಪ್ಪು, ಬೇಯಿಸಿದ ಹುರುಳಿ, ಹುರಿಹಿಟ್ಟು ಪ್ರತಿ ಬಡಾವಣೆಯಲ್ಲೂ ಸಿಗುವಂತಾದರೆ? ಪೊಟ್ಟಣದ ತಿಂಡಿಯ ಜೊತೆ ಸೆಣಸಬೇಕಾದವರು ಇವರು. ಭಾಷಣದಿಂದ ಅದನ್ನು ಸೋಲಿಸಲಾಗದು.

ಸರ್ಕಾರದ ಪಾಲನ್ನೂ ಇದೇ ತಕ್ಕಡಿಯಲ್ಲಿ ಇಟ್ಟು ನೋಡಬೇಕು. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿವನ್ನು ಹಿಮ್ಮೆಟ್ಟಿಸಿದ ದೊಡ್ಡ ಕೆಲಸ, ಅದನ್ನು ಹಗುರವಾಗಿ ಆಡುವವನು ನಾನಲ್ಲ. ಆದರೆ ಕೇಂದ್ರದ್ದು ಐದು, ರಾಜ್ಯದ್ದು ಐದು ಎಂದು ತಲೆಗೆ ಹತ್ತು ಕಿಲೋ ಧಾನ್ಯವಾದಾಗ ಲೆಕ್ಕ ಏನಾಯಿತು? ದಿನಕ್ಕೆ 250 ಗ್ರಾಂ ಎಂದರೆ ತಿಂಗಳಿಗೆ ಏಳೂವರೆ ಕಿಲೋ. ಮೈಮುರಿದು ದುಡಿಯುವವರಿಗೆ ಹೆಚ್ಚು ಬೇಕು, ಒಪ್ಪುತ್ತೇನೆ. ಆದರೆ ಮನೆಯಲ್ಲಿ ಮಗುವೂ ಇದೆ, ಮುದುಕಿಯೂ ಇದ್ದಾಳೆ. ಅದೇ ಮಾರ್ಗಸೂಚಿಯಂತೆ ತಿಂಗಳಿಗೆ ಎರಡೂವರೆ ಕಿಲೋ ಬೇಳೆಕಾಳು ಬೇಕು, ಚೀಲದಲ್ಲಿ ಅದು ಇರಲಿಲ್ಲ. ಉಳಿದ ಅಕ್ಕಿ ಮಾರಿ ಬೇಳೆ ಎಣ್ಣೆ ಕೊಂಡವರನ್ನು ನಾವು ಕಳ್ಳರೆಂದು ಕರೆದೆವು. ತಮಗೇನು ಬೇಕೆಂದು ಅವರು ಪೌಷ್ಟಿಕಾಂಶ ಸಂಸ್ಥೆಗಿಂತ ಮೊದಲೇ ಹೇಳುತ್ತಿದ್ದರು. 2025ರ ಅಕ್ಟೋಬರಿನಲ್ಲಿ ಸಚಿವ ಸಂಪುಟ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು ತೀರ್ಮಾನಿಸಿತು. ಸಕ್ಕರೆ ಅಲ್ಲಿ ಯಾಕೆ ನುಸುಳಿತೋ! ಆ ಜಾಗದಲ್ಲಿ ಹುರುಳಿಯೋ ಶೇಂಗಾವೋ ಇರಬಹುದಿತ್ತು. ಆದರೂ ದಿಕ್ಕು ಸರಿಯಾಗಿದೆ.

ನನ್ನ ಮಟ್ಟಿಗೆ ಇದಕ್ಕಿಂತ ಜಾಣತನದ್ದು ಶಾಲೆಯ ಮೊಟ್ಟೆ. 2021ರ ಕೊನೆಯಲ್ಲಿ ಕಲ್ಯಾಣ ಕರ್ನಾಟಕದ ಕಡೆಯಿಂದ ಶುರುವಾಗಿ, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ನಿನ ನೆರವಿನಿಂದ ವಾರಕ್ಕೆ ಆರು ದಿನ ಮುಟ್ಟಿತು. ತಿನ್ನದವರಿಗೆ ಬಾಳೆಹಣ್ಣು. ಧರ್ಮ, ಆಚಾರ ಎಂದು ಆಗ ಎದ್ದ ಗದ್ದಲದಲ್ಲಿ ಒಂದು ಸಂಗತಿ ಯಾರಿಗೂ ಕಾಣಲಿಲ್ಲ: ಆ ಮೊಟ್ಟೆ ಯಾವ ತಾಯಿಯ ಬೆಳಗಿನ ನಿಮಿಷವನ್ನೂ ಕೇಳುವುದಿಲ್ಲ. ಬೇಯಿಸುವವರಿದ್ದಾರೆ. ಅವರಿಗೆ ಕೊಡುವುದನ್ನು ಗೌರವಧನ ಎನ್ನದೆ ಸಂಬಳ ಎಂದು ಕರೆಯುವಷ್ಟು ದೊಡ್ಡದು ಮಾಡಬೇಕು, ಅದು ಬೇರೆ ಜಗಳ. ಇಂದಿರಾ ಕ್ಯಾಂಟೀನಿಗೂ ಇದೇ ಮಾತು. 2017ರ ಆಗಸ್ಟ್ 16ರಂದು ಐದು ರೂಪಾಯಿ ತಿಂಡಿ, ಹತ್ತು ರೂಪಾಯಿ ಊಟವೆಂದು ಬಾಗಿಲು ತೆರೆದಾಗ ಅದನ್ನು ಬಡವರ ಹೋಟೆಲು ಎಂದಷ್ಟೇ ಕಂಡೆವು. ಸಂಜೆ ಏಳೂವರೆಗೆ ಮನೆ ಸೇರುವವಳು ಡಬ್ಬಿ ಹಿಡಿದು ಹೋಗಿ ನಾಲ್ಕು ಮುದ್ದೆ, ಕಾಳು ಸಾರು ತುಂಬಿಸಿಕೊಂಡು ಬರುವಂತಾದರೆ ಅದು ಬಡಾವಣೆಯ ಅಡುಗೆಮನೆ ಆಗುತ್ತದೆ. ಅದಕ್ಕೆ ರುಚಿ ಬೇಕು, ಅಚ್ಚುಕಟ್ಟು ಬೇಕು, ಹೋಗಲು ನಾಚಿಕೆಯಾಗಬಾರದು. ಕೊನೆಯದು ಎಲ್ಲಕ್ಕಿಂತ ಕಷ್ಟ.

ಮನೆಯೊಳಗೆ ಆಗಬೇಕಾದ್ದಕ್ಕೆ ಯಾವ ಸಂಪುಟದ ತೀರ್ಮಾನವೂ ಬೇಕಿಲ್ಲ. ಊಟವಾದ ಕೂಡಲೇ ಕಾಫಿ ಕುಡಿಯದಿದ್ದರೆ, ಸೊಪ್ಪಿನ ಪಲ್ಯಕ್ಕೆ ಅರ್ಧ ಹೋಳು ನಿಂಬೆ ಹಿಂಡಿದರೆ ಕಬ್ಬಿಣದ ಅಂಶ ಮೈಗೆ ಹೆಚ್ಚು ಹತ್ತುತ್ತದೆ. ಇದಕ್ಕೆ ಕಾಸೂ ಬೇಡ, ಹೊತ್ತೂ ಬೇಡ. ನಮ್ಮಲ್ಲಿ ಪುಡಿ ಡಬ್ಬಿ ಹೋಯಿತು, ಅದರ ದುಡ್ಡಿಗೆ ಮೊಟ್ಟೆ ಬಂತು. ಮಂಗಳೂರು ಕಡೆಯ ಗೆಳೆಯನ ಒತ್ತಾಯಕ್ಕೆ ಬೂತಾಯಿ ತಂದು ನೋಡಿದೆವು. ಮೀನಿನಲ್ಲಿ ಇಷ್ಟು ಅಗ್ಗಕ್ಕೆ ಇಷ್ಟು ಒಳ್ಳೆಯದು ಬೇರೆ ಇಲ್ಲ ಎಂದು ಅವನು ಹೇಳುವುದು ಸುಳ್ಳಲ್ಲ, ಆದರೆ ಅಮ್ಮ ಎರಡು ದಿನ ಅಡುಗೆಮನೆಗೆ ಕಾಲಿಡಲಿಲ್ಲ. ಅದನ್ನು ಪಟ್ಟಿಯಿಂದ ಹೊಡೆದುಹಾಕಿದೆವು. ಅನ್ನದ ಗುಡ್ಡ ಕರಗಿ ದಿಣ್ಣೆಯಾಗಿದೆ.

ಸೊಪ್ಪು ಬಿಡಿಸುವ ಕೆಲಸ ನನ್ನದಾಯಿತು. ಮೊದಲ ಶನಿವಾರ ರಾತ್ರಿ ಎರಡು ಕಟ್ಟು ಕೀರೆ, ಒಂದು ಕಟ್ಟು ಸಬ್ಬಸಿಗೆ, ಒಂದಿಷ್ಟು ನುಗ್ಗೆ ಪೇಪರಿನ ಮೇಲೆ ಹರಡಿಕೊಂಡು ಕೂತೆ. ನುಗ್ಗೆಸೊಪ್ಪು ಬಿಡಿಸಿದವರಿಗೆ ಮಾತ್ರ ಗೊತ್ತು, ಅದು ತಾಳ್ಮೆಯನ್ನು ಎಲೆಎಲೆಯಾಗಿ ಕಿತ್ತುಕೊಳ್ಳುತ್ತದೆ. ಅಮ್ಮ ಸೋಫಾದ ಮೇಲಿಂದ ನೋಡುತ್ತಿದ್ದವರು ತಡೆಯಲಾಗದೆ, “ಎಳೇ ದಂಟು ಬಿಸಾಕ್ಬೇಡ ಕಣೋ, ಅದೇ ರುಚಿ” ಎಂದು ಪಕ್ಕಕ್ಕೆ ಬಂದು ಕೂತರು. ಐವತ್ತು ನಿಮಿಷ ಹಿಡಿಯಿತು. ಸೊಂಟ ಹಿಡಿದುಕೊಂಡಿತು. ಸೋಮವಾರದ ಸಂಜೆಗೇ ಸೊಪ್ಪು ಖಾಲಿ.

ನೋಟ್‌ಬುಕ್ಕಿನಲ್ಲಿ ಈಗ ದರ, ತೂಕ, ಮೊತ್ತದ ಪಕ್ಕ ನಾಲ್ಕನೆಯ ಗೆರೆ ಎಳೆದಿದ್ದೇನೆ. ತಲೆಬರಹ ‘ಹೊತ್ತು’. ಯಾರು ಅಡುಗೆಮನೆಗೆ ಹೋದರೂ ಹೊರಬರುವಾಗ ಹೆಸರಿನ ಮುಂದೆ ನಿಮಿಷ ಬರೆಯಬೇಕು. ಮಗಳು ಇದನ್ನು ಆಟವಾಗಿ ತೆಗೆದುಕೊಂಡಿದ್ದಾಳೆ, ಹೆಂಡತಿ ಮೂರನೆಯ ದಿನವೇ ಬರೆಯುವುದನ್ನು ಮರೆತಳು, ಅವಳದನ್ನು ಮಗಳೇ ಗಡಿಯಾರ ನೋಡಿ ತುಂಬುತ್ತಾಳೆ. ಮೊದಲ ವಾರದ ಒಟ್ಟು ಮೊತ್ತ ಇಪ್ಪತ್ಮೂರು ಗಂಟೆ ಹತ್ತು ನಿಮಿಷ. ಅದರಲ್ಲಿ ನನ್ನ ಹೆಸರಿನ ಮುಂದೆ ಇರುವುದು ಎರಡು ಗಂಟೆ ಐದು ನಿಮಿಷ, ಕಾಫಿ ಬಿಸಿ ಮಾಡಿಕೊಂಡದ್ದೂ ಸೇರಿ.